ಹೂವು ತೆಗೀರಿ ಎಂದಿದ್ದೆ

ಕೆಂಪು ಹೂವಿನ ಏಳನೆಯ ಎಸಳು ಇನ್ನೂ ಹಸಿಯಾಗಿತ್ತು. ಮುಟ್ಟಿದ ಬೆರಳಿಗೆ ಬಣ್ಣ ಹತ್ತಿತು.

ಅಪ್ಪನ ಹಳೆಯ ರೇಡಿಯೋದ ತೇಗದ ಪೆಟ್ಟಿಗೆಯ ಮೇಲೆ, ಎರಡನೆಯ ತರಗತಿಯಲ್ಲಿದ್ದಾಗ ನಾನೇ ಆಯಿಲ್ ಪೇಂಟಿನಿಂದ ಒಂದು ಹೂವು ಬರೆದಿದ್ದೆ. ಅಪ್ಪ ಬೈದಿರಲಿಲ್ಲ, ಆ ಬದಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದರು, ಅಷ್ಟೇ. ಈಗ ಮಾಸಿದ್ದ ಆ ಹೂವನ್ನು ಕೆರೆಸಿ, ಪಾಲಿಶ್ ಹಾಕಿಸಿ, ಪೆಟ್ಟಿಗೆಯನ್ನು ಮೊದಲಿನಂತೆ ಅವರ ಮುಂದಿಡಬೇಕೆಂದು ಗೋಕಾಕದ ಪಾಲಿಶ್ ಕಾಕಾ ಅವರ ಅಂಗಡಿಗೆ ಕೊಟ್ಟಿದ್ದೆ.

ಒಯ್ಯಲು ಹೋದಾಗ ಅದನ್ನು ಕಂಡು, "ಇದೇನ್ರಿ ಕಾಕಾ?" ಎಂದೆ.

"ನೀನ ಹೇಳಿದ್ಯಲ್ಲವಾ, ಹೂವು ಪೂರಾ ತೆಗೀರಿ ಅಂತ. ಅರ್ಧಾ ಅಳಿಸಿ ಹೋಗಿತ್ತು, ಪೂರಾ ತಗದೇನಿ. ಎರಡ ಎಲಿ ನನ್ನ ಕಡಿಂದ."

ಸಿಟ್ಟು ಬಂತು. ಆದರೆ ತಪ್ಪು ಅವರದೆನ್ನುವುದಾದರೂ ಹೇಗೆ? ನಮ್ಮ ಕಡೆ ಬಟ್ಟೆಯ ಕಲೆಯನ್ನೂ ತೆಗೆಯುತ್ತಾರೆ, ಅಂಗಳದಲ್ಲಿ ರಂಗೋಲಿಯನ್ನೂ ತೆಗೆಯುತ್ತಾರೆ; ಒಂದು ಅಳಿಸುವುದು, ಇನ್ನೊಂದು ಬರೆಯುವುದು. ಕನ್ನಡದಲ್ಲೇ ಎಂ.ಎ. ಮಾಡಿದ ನನಗೆ ಅದು ಹೊಳೆದಿರಲಿಲ್ಲ. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ನಮ್ಮೂರು ಕೊಣ್ಣೂರಿನ ಬಸ್ ಹತ್ತಿದೆ.

ಮರುದಿನ ಬೆಳಿಗ್ಗೆ ಮತ್ತೆ ಹೋದೆ. ಈ ಸಲ ಬಾಯಿ ತೆರೆಯಲಿಲ್ಲ. ಪಾಲಿಶ್ ಪೇಪರ್ ಎತ್ತಿಕೊಂಡು ಅವರ ಕಣ್ಣೆದುರೇ ಹೂವನ್ನು ಉಜ್ಜತೊಡಗಿದೆ.