ಕುರ್ಚಿಯ ಕಾಲಿನಿಂದ ಕೊಯ್ದ ಕಡ್ಡಿ

ತಂಗಿ ಕಟ್ಟಿದ ಕಾರಿಗೆ ಪೆಟ್ರೋಲ್ ಟ್ಯಾಂಕ್ ಮಾಡಿಕೊಟ್ಟವನು ನಾನು. ಅದರ ಕೊನೆಯ ಬೆಸುಗೆಯನ್ನು ನಾನು ಸರಿಯಾಗಿ ಹಾಕಲಿಲ್ಲ. ಟ್ಯಾಂಕು ಸೋರಿ ತಪ್ಪೆಲ್ಲ ಅವಳ ತಲೆಗೆ ಬಂದಾಗ ಬಾಯಿ ಬಿಡಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಬರೆಯುವ ಅಭ್ಯಾಸವಿಲ್ಲ, ಆದರೆ ಇದನ್ನು ಬರೆಯದೆ ನನಗೆ ಸಮಾಧಾನವಿಲ್ಲ.

ನಂಗಲಿಯಲ್ಲಿ ಹೈವೇ ಪಕ್ಕ ನನ್ನ ಶೆಡ್ಡು. ಸೀಳಿದ ನೀರಿನ ಟ್ಯಾಂಕು, ಡ್ರಮ್ಮು, ಟೊಮ್ಯಾಟೊ ಕ್ರೇಟು ಬೆಸೆಯುವುದು ಕೆಲಸ. ಒಂದು ಕೈಲಿ ಬಿಸಿಗಾಳಿ ಊದುವ ಗನ್ನು, ಇನ್ನೊಂದು ಕೈಲಿ ಸೀಳಿಗೆ ಕರಗಿಸಿ ತುಂಬುವ ಪ್ಲಾಸ್ಟಿಕ್ ಕಡ್ಡಿ. ತಂಗಿ ಡಿಪ್ಲೊಮಾ ಮಾಡಿ ಮಾಲೂರಿನ ಫ್ಯಾಕ್ಟರಿಯೊಂದರಲ್ಲಿದ್ದಾಳೆ, ಭಾನುವಾರ ಮನೆಗೆ ಬರುತ್ತಾಳೆ. ಅವಳು ಕಾರಿನ ಕಿಟ್ಟು ತರಿಸಿದಳು: ಪೈಪಿನ ಚೌಕಟ್ಟು, ಫೈಬರಿನ ಮೈ, ಒಂದು ಮೂಟೆ ಬೋಲ್ಟು. ಹಳೇ ಕಾರಿನ ಎಂಜಿನ್ನನ್ನು ತಾನೇ ಹುಡುಕಿಕೊಂಡಳು. ರೇಷ್ಮೆ ಬಿಟ್ಟಮೇಲೆ ಖಾಲಿ ಬಿದ್ದಿದ್ದ ಹುಳುಮನೆಯಲ್ಲಿ ಭಾನುವಾರಕ್ಕೆ ಇಷ್ಟಿಷ್ಟು ಅಂತ ಕಟ್ಟುತ್ತಾ ಬಂದಳು.

ಸೀಟಿನ ಹಿಂದೆ ಪೈಪುಗಳ ನಡುವೆ ಉಳಿದದ್ದು ಒಂದು ಮೂಲೆ ಜಾಗ. ಹಳೇ ಎಂಜಿನ್ನಿನ ಜೊತೆ ಬಂದ ಟ್ಯಾಂಕು ಅದರಲ್ಲಿ ಕೂರಲಿಲ್ಲ. ರಟ್ಟು ಕತ್ತರಿಸಿ ಆ ಆಕಾರ ಮಾಡಿ ನನ್ನ ಶೆಡ್ಡಿಗೆ ತಂದಳು.

"ಅಣ್ಣಾ, ಹಿಂಗೇ ಒಂದು ಮಾಡಿಕೊಡ್ತೀಯಾ? ನಿನ್ ಬೆಸುಗೆ ಬಿಡಲ್ಲ ಅಂತ ಗೊತ್ತು."

ಅಲ್ಲೇ ಕೂತಿದ್ದ ಚಿಕ್ಕಪ್ಪ ನಕ್ಕ. "ಏನ್ಲಾ, ತಂಗಿ ಕಾರ್ ಮಾಡ್ತಾಳೆ, ನೀನು ಡ್ರಮ್ ಇಡ್ತೀಯಾ? ಅದೇನು ಕಾರಾ, ಬಚ್ಚಲಾ?"

"ಮೊದಲ ರೌಂಡು ನಿನ್ನೇ ಕೂರಿಸ್ತೀನಿ ಚಿಕ್ಕಪ್ಪ. ಸೋಪು ಟವೆಲ್ಲು ತಗೊಂಡು ಬಾ," ಅಂದಳು.

ದಪ್ಪನೆಯ ನೀಲಿ ಡ್ರಮ್ಮೊಂದನ್ನು ಕೊಯ್ದು, ಬಿಸಿ ಮಾಡಿ, ಹಲಗೆಗಳ ನಡುವೆ ಒತ್ತಿ ಹಾಳೆ ಮಾಡಿ, ರಟ್ಟಿನ ಅಳತೆಗೆ ಕತ್ತರಿಸಿ ಬೆಸೆಯುತ್ತಾ ಬಂದೆ. ನಮ್ಮ ಕೆಲಸದಲ್ಲಿ ಒಂದು ನಿಯಮ. ಯಾವ ಡ್ರಮ್ಮನ್ನು ಬೆಸೆಯುತ್ತೀವೋ ಅದೇ ಡ್ರಮ್ಮಿನಿಂದ ಕಡ್ಡಿ ಸೀಳಬೇಕು. ಜಾತಿ ಬೇರೆಯಾದರೆ ಪ್ಲಾಸ್ಟಿಕ್ಕು ಅಂಟಿದ ಹಾಗೆ ಕಾಣುತ್ತೆ, ಒಳಗೆ ಕೂಡಿರಲ್ಲ. ತಳದ ಕೊನೆಯ ಮೂಲೆಗೆ ಬರುವಷ್ಟರಲ್ಲಿ ನನ್ನ ಕಡ್ಡಿ ಮುಗಿಯಿತು, ಡ್ರಮ್ಮೂ ಮುಗಿಯಿತು. ಅದೇ ಜಾತಿಯ ಇನ್ನೊಂದು ಡ್ರಮ್ಮಿಗೆ ಮುಳಬಾಗಿಲಿಗೆ ಹೋಗಬೇಕಿತ್ತು. ಸುಗ್ಗಿಯ ಕಾಲ, ಬಾಗಿಲಲ್ಲಿ ಮುರಿದ ಕ್ರೇಟುಗಳ ರಾಶಿ, ಲಾರಿಯವನ ಹಾರನ್ನು. ಶೆಡ್ಡಿನ ಮೂಲೆಯಲ್ಲಿ ಮುರಿದ ನೀಲಿ ಪ್ಲಾಸ್ಟಿಕ್ ಕುರ್ಚಿ ಬಿದ್ದಿತ್ತು. ಬಣ್ಣ ಒಂದೇ, ಜಾತಿ ಬೇರೆ. ಅದರ ಕಾಲಿಂದ ಒಂದು ಗೇಣು ಕಡ್ಡಿ ಕೊಯ್ದು ಬೆಸೆದುಬಿಟ್ಟೆ.

ಬೆಸೆದಾದ ಮೇಲೆ ಟ್ಯಾಂಕಿನ ಬಾಯಿ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಮೇಲೆ ಸೋಪುನೀರು ಬಳಿದು ಗುಳ್ಳೆ ಏಳುತ್ತದಾ ಅಂತ ನೋಡಬೇಕು. ಅದನ್ನೂ ಮಾಡಲಿಲ್ಲ. ನೀರು ತುಂಬಿಸಿದೆ, ನಿಂತಿತು, ಸಾಕು ಅಂದುಕೊಂಡೆ.

ಕಾರು ಮೊದಲ ಸಲ ಹೊರಟದ್ದು ಕೆರೆ ಏರಿಯ ಮಣ್ಣುದಾರಿಯಲ್ಲಿ. ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರೂ ನೋಡಲು ನಿಂತಿದ್ದರು. ಎರಡು ರೌಂಡು ಹಾಕಿದಳು. ಮೂರನೆಯದರಲ್ಲಿ ತಟ್ಟನೆ ಕೀ ತಿರುಗಿಸಿ ಎಂಜಿನ್ ಆರಿಸಿ ಆಚೆ ನೆಗೆದಳು. ಬೆನ್ನೆಲ್ಲ ಪೆಟ್ರೋಲು. ಬೆಂಕಿ ಹತ್ತಲಿಲ್ಲ, ಅದು ನಮ್ಮ ಪುಣ್ಯ. ಅಮ್ಮ ಕೊಡಗಟ್ಟಲೆ ನೀರು ಸುರಿದಳು. ಆದರೂ ಪೆಟ್ರೋಲಿನ ಉರಿಗೇ ಚರ್ಮ ಸುಟ್ಟು ಅಂಗೈ ಅಗಲ ಬೊಬ್ಬೆ ಎದ್ದಿತು.

ಮನೆಯವರು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ನಾನು ಟ್ಯಾಂಕು ಬಿಚ್ಚಿ ನೋಡಿದೆ. ತಳದ ಕೊನೆಯ ಬೆಸುಗೆಗೆ ಉಗುರು ಹಾಕಿದೆ. ಕುರ್ಚಿಯ ಕಡ್ಡಿ ಹುರುಳಿಕಾಯಿ ನಾರಿನ ಹಾಗೆ ಉದ್ದಕ್ಕೂ ಎದ್ದು ಬಂತು. ಸುತ್ತ ನೋಡಿ ಜೇಬಿಗೆ ಹಾಕಿಕೊಂಡೆ.

ಸಂಜೆ ಅವಳು ಆಸ್ಪತ್ರೆಯಿಂದ ಬಂದ ಮೇಲೆ ಚಿಕ್ಕಪ್ಪ, "ಇವಳೇ ಟ್ಯಾಂಕ್ ಕಟ್ಟೋ ಕಬ್ಬಿಣದ ಪಟ್ಟಿ ಜಾಸ್ತಿ ಬಿಗಿ ಮಾಡಿ ಸೀಳಿರ್ತಾಳೆ. ಹೇಳಿದ್ರೆ ಕೇಳ್ತಾಳಾ?" ಅಂದ. ಅಪ್ಪ ತಲೆ ಆಡಿಸಿದ. ಅವಳೂ, "ಇರಬೋದು. ಅಣ್ಣನ ಬೆಸುಗೆಯಂತೂ ಬಿಡಲ್ಲ," ಅಂದಳು. ನಾನು ಎದ್ದು ಕೈ ತೊಳೆಯಲು ಹೋದೆ.

ಆಮೇಲೆ ಅವಳು ಹುಳುಮನೆಯ ಬಾಗಿಲು ತೆಗೆಯಲಿಲ್ಲ. ಭಾನುವಾರ ಬಂದರೂ ಬಟ್ಟೆ ಒಗೆದು ಸುಮ್ಮನೆ ಕೂರುತ್ತಿದ್ದಳು. ಫ್ಯಾಕ್ಟರಿಯಲ್ಲಿ ಕೂಡ ತಾನು ಬಿಗಿದ ಬೋಲ್ಟನ್ನು ಇನ್ನೊಬ್ಬರಿಗೆ ತೋರಿಸಿಯೇ ಮುಂದಕ್ಕೆ ಬಿಡುವುದಾಗಿ ಅಮ್ಮನ ಹತ್ತಿರ ಹೇಳಿದ್ದು ನನ್ನ ಕಿವಿಗೂ ಬಿತ್ತು. ಕಡ್ಡಿ ನನ್ನ ಶೆಡ್ಡಿನಲ್ಲಿ ಗನ್ನಿನ ಡಬ್ಬಿಯೊಳಗಿತ್ತು. ಡಬ್ಬಿ ತೆಗೆದಾಗಲೆಲ್ಲ ಕಾಣುತ್ತಿತ್ತು.

ಹೋದ ತಿಂಗಳು ಗುಜರಿಯವನು ಆಟೊ ತಂದ. ಅವಳೇ ಕರೆಸಿದ್ದಳು. ಅಮ್ಮ ಫೋನು ಮಾಡಿ, "ಚೌಕಟ್ಟು ಕೊಯ್ಸ್ತಾಳಂತೆ ಕಣೋ, ನೀನಾದ್ರೂ ಬಾ," ಅಂದಳು. ಡಬ್ಬಿ ಸಮೇತ ಬೈಕು ಹತ್ತಿದೆ.

ಹುಳುಮನೆ ಮುಂದೆ ಅಪ್ಪ, ಚಿಕ್ಕಪ್ಪ ಇಬ್ಬರೂ ಇದ್ದರು. ಇದೇ ಜನರ ಮುಂದೆ ಸುಮ್ಮನಿದ್ದವನು, ಇವರ ಮುಂದೆಯೇ ಹೇಳಬೇಕಿತ್ತು. ಗುಜರಿಯವನಿಗೆ ನಿಲ್ಲು ಅಂದೆ. ಡಬ್ಬಿಯಿಂದ ಕಡ್ಡಿ ತೆಗೆದು ತಂಗಿಯ ಕೈಲಿಟ್ಟೆ. ಅವಳು ಬಗ್ಗಿಸಿ ನೋಡಿದಳು, ಮೂಸಿದಳು, ನನ್ನ ಮುಖ ನೋಡಿದಳು.

"ಇದು ಡ್ರಮ್ಮಿಂದಲ್ಲ," ಅಂದಳು.

"ಅಲ್ಲ. ಕುರ್ಚಿ ಕಾಲಿಂದು. ಕಡ್ಡಿ ಮುಗೀತು, ಮುಳಬಾಗಿಲಿಗೆ ಹೋಗೋಕೆ ಸೋಮಾರಿತನ ಮಾಡ್ದೆ. ಸೋಪುನೀರೂ ಹಾಕಿ ನೋಡ್ಲಿಲ್ಲ. ಸೋರಿದ ದಿನಾನೇ ಗೊತ್ತಾಯ್ತು, ಬಚ್ಚಿಟ್ಟೆ. ನಿನ್ನ ಪಟ್ಟಿ ಸರಿಯಾಗಿತ್ತು ಕಣಮ್ಮ, ನಿನ್ನ ಕೈ ಸರಿಯಾಗಿತ್ತು. ತಪ್ಪು ನಂದು. ನನ್ನ ಕ್ಷಮಿಸು."