ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಬಿಟ್ಟುಹೋದ ಅಪ್ಪ

ಕಳೆದ ತಿಂಗಳು ಸಿರುಗುಪ್ಪದ ಒಂದು ಮನೆಯಲ್ಲಿ ಒಬ್ಬ ಅಜ್ಜಿ ನನಗೆ ಚಹಾ ಕೊಟ್ಟು, ಕುಡಿದು ಮುಗಿಸುವವರೆಗೆ ಸುಮ್ಮನಿದ್ದು, ಆಮೇಲೆ ಚೆನ್ನಾಗಿ ಬೈದರು.

ನಾನು ಮಾಡಿದ್ದಾದರೂ ಏನು? ಒಂದು ನಾಟಕ ಬರೆದಿದ್ದೆ. ಅಷ್ಟೇ.

ನಾಟಕದ ಹೆಸರು ‘ಬಾಡಿಗಿ ಮನಿ ಮಂದಿ’. ಅಪ್ಪ, ಅಮ್ಮ, ಮಗ, ಮಗಳು. ನಾಲ್ವರೂ ಮೋಸಗಾರರು. ಹೊಸ ಊರಿಗೆ ಹೋಗುತ್ತಾರೆ, ಬಾಡಿಗೆಗೆ ಮನೆ ಹಿಡಿಯುತ್ತಾರೆ, ಮಗಳಿಗೆ ಗಂಡು ನೋಡುತ್ತಾರೆ. ಹುಡುಗನ ಕಡೆಯವರು ಒಡವೆ ಹಾಕಿದ ಮೇಲೆ ಮನೆ ಖಾಲಿ ಮಾಡಿ ಓಡುತ್ತಾರೆ. ಕೊನೆಗೆ ಒಂದೂರಲ್ಲಿ ಜನ ಬೆನ್ನು ಹತ್ತುತ್ತಾರೆ. ಎಲ್ಲರೂ ಬಸ್ ಸ್ಟ್ಯಾಂಡಿಗೆ ಓಡಿಬರುತ್ತಾರೆ. ಮಗಳು ನೀರಿನ ಬಾಟಲಿ ತರಲು ಹೋದಾಗ ಬಸ್ಸು ಹೊರಡುತ್ತದೆ. ಅಪ್ಪ ಹತ್ತಿಬಿಡುತ್ತಾನೆ. ಅವನ ಹಿಂದೆ ಉಳಿದಿಬ್ಬರು. ಬಾಟಲಿ ಹಿಡಿದ ಮಗಳು ಒಬ್ಬಳೇ ನಿಂತಿರುವಾಗ ಲೈಟ್ ಆಫ್.

(ಈ ಕೊನೆ ನನಗೆ ಬಹಳ ಇಷ್ಟ. ಹೇಳಿಕೊಳ್ಳಬಾರದು, ಹೇಳಿಕೊಂಡಿದ್ದೇನೆ.)

ಅಪ್ಪನ ಪಾತ್ರ ದಾದಾಪೀರನದು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವನದು ಗಾದಿ ಹೊಲಿಯುವ ಅಂಗಡಿ. ರಿಹರ್ಸಲ್ಲಿಗೆ ಬಂದಾಗಲೂ ಹುಬ್ಬಿನ ಮೇಲೆ ಹತ್ತಿ ಕೂತಿರುತ್ತದೆ. ಮಾತು ಕಡಿಮೆ. ಸ್ಟೇಜ್ ಹತ್ತಿದನೆಂದರೆ ಮಾತ್ರ ಎಂಥ ಸುಳ್ಳನ್ನೂ ಎಷ್ಟು ನಯವಾಗಿ ಹೇಳುತ್ತಾನೆಂದರೆ, ಬರೆದ ನಾನೇ ನಂಬಿಬಿಡುತ್ತೇನೆ.

ತೊಂದರೆಯಾದದ್ದೂ ಅದರಿಂದಲೇ.

ಅವನ ಮಗಳು ರೇಷ್ಮಾ ಲ್ಯಾಬ್ ಟೆಕ್ನಿಷಿಯನ್. ಅವಳಿಗೆ ಸಿರುಗುಪ್ಪದಿಂದ ಸಂಬಂಧ ಬಂದಿತ್ತು. ಹುಡುಗ ಇಮ್ರಾನನದು ಮೋಟಾರ್ ರಿವೈಂಡಿಂಗ್ ಅಂಗಡಿ. ಇಬ್ಬರೂ ಒಪ್ಪಿದ್ದರು, ಮಾತು ಮುಗಿದಂತೆಯೇ ಇತ್ತು. ಅಷ್ಟರಲ್ಲಿ ಕುರುಗೋಡಿನಲ್ಲಿ ನಮ್ಮ ಶೋ. ಅಲ್ಲಿನ ನೆಂಟರ ಮನೆಗೆ ಬಂದಿದ್ದ ಹುಡುಗನ ಮನೆಯವರು, ಬೀಗರ ನಾಟಕ ಎಂಬ ಖುಷಿಯಲ್ಲಿ ಮುಂದಿನ ಸಾಲಲ್ಲೇ ಕೂತರು. ಮಗಳ ಮದುವೆಯ ಹೆಸರಲ್ಲಿ ಊರೂರನ್ನೇ ಮುಳುಗಿಸುವ ಅಪ್ಪನನ್ನು ಮೊದಲಿಂದ ಕೊನೆಯವರೆಗೆ ನೋಡಿದರು.

ಮಾರನೆಯ ದಿನ ಸಂಬಂಧ ತಂದವರ ಫೋನು. “ಸ್ವಲ್ಪ ತಡೀರಿ ಅನ್ನಾಕತ್ತಾರ.”

ದಾದಾಪೀರ ಮಗಳೊಂದಿಗೆ ನಮ್ಮ ಮನೆಗೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, “ಅಕ್ಕಾ, ಈ ಪಾರ್ಟ್ ಬ್ಯಾಡ ನನಗ. ಬ್ಯಾರೇದೋರಿಗೆ ಕೊಡ್ರಿ” ಎಂದ.

ಮುಂದಿನ ಭಾನುವಾರ ಬಳ್ಳಾರಿಯಲ್ಲಿ ಶೋ ಇತ್ತು. ಆದರೆ ನಾನೇನು ಹೇಳಲಿ? ನಿನ್ನ ಮಗಳ ಮದುವೆಗಿಂತ ನನ್ನ ನಾಟಕ ದೊಡ್ಡದು ಎನ್ನಲೇ?

ರೇಷ್ಮಾಳೇ ಮಾತಾಡಿದಳು. “ಈಗ ಬಿಟ್ರ ತಪ್ಪು ಒಪ್ಪಿಕೊಂಡಂಗ ಆಗ್ತೈತಪ್ಪಾ. ಹೋಗಿ ಮಾತಾಡು. ಆಂಟಿ, ನೀವೂ ಹೋಗ್ರಿ. ಬರದೋರು ನೀವು ಅಂತನಾರ ಗೊತ್ತಾಗ್ಲಿ ಅವರಿಗೆ.”

ಹಾಗೆ ನಾನೂ ದಾದಾಪೀರನೂ ಸಿರುಗುಪ್ಪದ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಭತ್ತದ ಗದ್ದೆ. ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ಏನೂ ಕಾಣಿಸುತ್ತಿರಲಿಲ್ಲ ಅನಿಸುತ್ತದೆ.

ಹುಡುಗನ ಅಪ್ಪ ಮರ್ಯಾದೆಯಿಂದ ಕೂರಿಸಿದರು. “ನಾಟಕ ಅಂದ್ರ ನಾಟಕ, ನಮಗ ಗೊತ್ತೈತ್ರಿ. ಆದ್ರ ನಮ್ಮಮ್ಮ ಒಪ್ಪವಲ್ಲಳು” ಎಂದು ಮಂಚದ ಮೇಲಿದ್ದ ಅಜ್ಜಿ ಹುಸೇನಮ್ಮನನ್ನು ತೋರಿಸಿದರು. ಚಹಾ ಬಂತು. ಕುಡಿದೆವು.

ನಟ ಬೇರೆ, ಪಾತ್ರ ಬೇರೆ ಎಂದು ಒಂದು ಪುಟ್ಟ ಭಾಷಣ ರೆಡಿ ಮಾಡಿಕೊಂಡು ಹೋಗಿದ್ದೆ. ಅಜ್ಜಿ ಅದಕ್ಕೆ ಚಾನ್ಸೇ ಕೊಡಲಿಲ್ಲ. ನೇರವಾಗಿ ದಾದಾಪೀರನನ್ನು ಹಿಡಿದರು.

“ಮೋಸದ ಮಾತು ಬಿಡು. ನಾಟಕದಾಗ ಕೊಲಿನೂ ಮಾಡ್ತಾರ. ಹಡದ ಮಗಳನ್ನ ಬಸ್ ಸ್ಟ್ಯಾಂಡ್‌ನಾಗ ಬಿಟ್ಟು ಹೋದ್ಯಲ್ಲಪ್ಪ. ತಿರುಗಿ ಸೈತ ನೋಡ್ಲಿಲ್ಲ. ಅಷ್ಟು ಸಲೀಸ ಹೆಂಗ ಬಂತು ನಿನಗ?”

ದಾದಾಪೀರ ನೆಲ ನೋಡುತ್ತಲೇ ಮೆಲ್ಲಗೆ ಹೇಳಿದ: “ತಿರುಗಿ ನೋಡಿದ್ರ ಇಳದುಬಿಡ್ತೀನಮ್ಮ. ಅದಕ್ಕ ನೋಡಂಗಿಲ್ಲ.”

ಅಜ್ಜಿ ನಂಬಿದಂತೆ ಕಾಣಲಿಲ್ಲ. ನನ್ನತ್ತ ತಿರುಗಿದರು.

“ಬರದಾಕಿ ನೀನೇನಮ್ಮ?”

“ಹೌದ್ರಿ.”

“ಯಾಕ ಹಂಗ ಬರದಿ?”

“ಮೋಸ ಮಾಡೋರು ಕಡೀಕೆ ತಮ್ಮೋರಿಗೂ ಮೋಸ ಮಾಡ್ತಾರ ಅಂತ ತೋರಿಸಾಕ್ರಿ. ಅದು ನಾಟಕದ ತಾತ್ಪರ್ಯ.”

“ತಾತ್ಪರ್ಯ ತಗಂಡು ಆ ಹುಡುಗಿ ಏನ್ ಮಾಡ್ಬೇಕು? ಕುಂತು ಬರಿಯಾಕಿ ನೀನು, ನಿಂತಾಕಿ ಅಕಿ. ನಾಳೆ ನಮ್ಮ ಮನ್ಯಾಗ ಏನಾರ ಹೆಚ್ಚುಕಡಿಮಿ ಆತು ಅನ್ನು. ನಾವೂ ಮನಷ್ಯಾರ. ಆವಾಗ ಈತನ ಮಗಳ ಹಿಂದ ಯಾರು ಬರ್ತಾರ? ನಾ ಕೇಳಾಕತ್ತಿದ್ದು ಅದು.”

ಹುಡುಗನ ಕಡೆಯವರ ಬಾಯಲ್ಲಿ ಈ ಪ್ರಶ್ನೆಯನ್ನು ನಾನಂತೂ ಕೇಳಿರಲಿಲ್ಲ. ನೀವು ಕೇಳಿದ್ದೀರಾ? ಹುಡುಗಿಯ ಬಣ್ಣ, ಓದು, ಅಡುಗೆ, ಸಂಬಳ ಎಲ್ಲ ವಿಚಾರಿಸುತ್ತಾರೆ. ಅವಳ ಬೆನ್ನಿಗೆ ನಿಲ್ಲುವವರು ಕಡಿಮೆ ಇದ್ದಷ್ಟೂ ಅನುಕೂಲ ಎಂದುಕೊಳ್ಳುವ ಮನೆಗಳೂ ಇವೆ. ಈ ಅಜ್ಜಿ ಇನ್ನೂ ಮನೆಗೇ ಬಾರದ ಹುಡುಗಿಯ ಪರವಾಗಿ, ತನ್ನ ಮನೆಯ ವಿರುದ್ಧವೇ ವಕಾಲತ್ತು ಹಾಕಿದ್ದರು.

ಹೊರಡುವಾಗ ಅಂದರು, “ಬಳ್ಳಾರ್ಯಾಗ ಆಡ್ತೀರಂತಲ್ಲ. ಬರ್ತೀನಿ. ಇನ್ನೊಮ್ಮಿ ನೋಡಿ ಹೇಳ್ತೀನಿ.”

ನಮ್ಮ ತಂಡದಲ್ಲಿ ಚರ್ಚೆ ಶುರುವಾಯಿತು. ಒಂದು ದಿನದ ಮಟ್ಟಿಗೆ ಅಪ್ಪ ಬಸ್ಸಿಂದ ಇಳಿದುಬಿಡಲಿ, ನಾಟಕಕ್ಕೇನೂ ಆಗುವುದಿಲ್ಲ ಎಂದರು ಕೆಲವರು. ನಿಜ ಹೇಳುತ್ತೇನೆ, ನನಗೂ ಹೌದೆನಿಸಿತು. ಒಂದು ಮದುವೆ ಉಳಿಯುತ್ತದಲ್ಲ?

ದಾದಾಪೀರ ಒಪ್ಪಲಿಲ್ಲ. “ಬ್ಯಾಡ ಅಕ್ಕಾ. ಆ ಯಮ್ಮ ನೋಡಾಕತ್ತಾಳ ಅಂತ ಇಳದ್ರ, ಅವತ್ತು ಖರೇನ ಮೋಸ ಮಾಡಿದಂಗ.”

ಭಾನುವಾರ ಅಜ್ಜಿ ಬಂದರು. ಮಗ, ಮೊಮ್ಮಗ ಕರೆದರೂ ಅವರ ಪಕ್ಕ ಕೂರದೆ ರೇಷ್ಮಾಳ ಪಕ್ಕ ಹೋಗಿ ಕೂತರು. ಸೈಡ್ ವಿಂಗಿನಲ್ಲಿ ನಿಂತ ನನಗೆ ನಾಟಕದ ಮೇಲೆ ಗಮನವಿರಲಿಲ್ಲ. ಕೊನೆಯ ದೃಶ್ಯ ಬಂತು. ದಾದಾಪೀರ ಬಸ್ ಹತ್ತಿದ. ತಿರುಗಿ ನೋಡಲಿಲ್ಲ. ಹುಡುಗಿ ಬಾಟಲಿ ಹಿಡಿದು ನಿಂತಳು. ಲೈಟ್ ಆಫ್ ಆಯಿತು. ಚಪ್ಪಾಳೆ ಬಿತ್ತು. ಸಂಬಂಧ ಹೋಯಿತು ಎಂದುಕೊಂಡೆ.

ದಾದಾಪೀರ ಬಣ್ಣ ತೆಗೆಯದೆ, ಅಂಟಿಸಿದ ಮೀಸೆಯನ್ನಷ್ಟೇ ಕಿತ್ತು ಕೈಯಲ್ಲಿ ಹಿಡಿದುಕೊಂಡು ಅಜ್ಜಿಯ ಮುಂದೆ ಹೋಗಿ ನಿಂತ. ನಾನೂ ಹಿಂದೆ ಹೋದೆ.

“ಇವತ್ತೂ ಬಿಟ್ಟು ಹೋದ್ಯೇನು?” ಅಜ್ಜಿ ಕೇಳಿದರು.

“ಹೌದಮ್ಮ.”

“ನಾ ನೋಡ್ಲಿಲ್ಲ. ಈಕಿನ್ನ ನೋಡಾಕತ್ತಿದ್ನಿ.” ರೇಷ್ಮಾಳ ಕಡೆ ಕೈ ಮಾಡಿದರು. “ನೀನು ಬಸ್ ಹತ್ತೋ ಹೊತ್ತಿನ್ಯಾಗ ಈಕಿ ಕುಂತು ಶೇಂಗಾ ತಿನ್ನಾಕತ್ತಿದ್ಲು. ನೀ ಹೇಳೋ ಮಾತು ನಿನಕಿಂತ ಮೊದಲ ಬಾಯಾಗ ಹೇಳಿಕೊಳ್ಳಾಕತ್ತಿದ್ಲು. ಮುಖದ ಮ್ಯಾಲೆ ಇಷ್ಟಾರ ಅಂಜಿಕಿ ಬೇಕಲ್ಲ? ಬಿಟ್ಟು ಹೋಗೋ ಅಪ್ಪನ ಮಗಳು ಹಂಗ ಕುಂದ್ರಂಗಿಲ್ಲ ಬಿಡು.”

ರೇಷ್ಮಾ ಶೇಂಗಾ ಪೊಟ್ಟಣವನ್ನು ದುಪಟ್ಟಾದ ಕೆಳಗೆ ಸರಿಸಿದಳು. ಬಣ್ಣ ಕೆಟ್ಟೀತೆಂದೋ ಏನೋ, ದಾದಾಪೀರ ಕಣ್ಣು ಒರೆಸಿಕೊಳ್ಳದೆ ಹಾಗೇ ನಿಂತಿದ್ದ.

ಮೊನ್ನೆ ಅಂಗಡಿಗೆ ಹೋದಾಗ ಮಗಳಿಗೆ ಕೊಡುವ ಗಾದಿಗೆ ಹತ್ತಿ ತುಂಬುತ್ತಿದ್ದ. ಬೇರೆಯವರ ಕೈಗೆ ಅದನ್ನು ಕೊಡುವುದಿಲ್ಲವಂತೆ. ನಿಖಾ ಭತ್ತದ ಕೊಯ್ಲು ಮುಗಿದ ಮೇಲೆ.

ನಾಟಕಕ್ಕೆ ಹೋದವರು ಸ್ಟೇಜನ್ನೇ ನೋಡಬೇಕು ಎಂದು ನಮಗೆ ಯಾರು ಹೇಳಿಕೊಟ್ಟರು?