ಒಂದು ಪುಸ್ತಕ, ಎರಡು ಫೋನು, ಅಕ್ಕನ ಕಡ್ಡಿ

ನಾನೇ ಕೊಂಡ ಪುಸ್ತಕವನ್ನು ಓದಲು ಅಕ್ಕನ ಅಪ್ಪಣೆ ಬೇಕಾಯಿತು. ಹಾಗೆ ನೋಡಿದರೆ ಇದರಲ್ಲಿ ಹೊಸದೇನೂ ಇಲ್ಲ. ನಾವಿಬ್ಬರೂ ಅಫಜಲಪುರದಲ್ಲಿ ಬೆಳೆಯುವಾಗಲೂ ಹೀಗೇ ಇತ್ತು. ಗ್ರಂಥಾಲಯದಿಂದ ವಾರಕ್ಕೆ ಒಂದೇ ಪುಸ್ತಕ ಮನೆಗೆ ಬರುತ್ತಿತ್ತು, ಓದುವವರು ಇಬ್ಬರು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳಾದ್ದರಿಂದ ಕಾನೂನು ಅವಳದು. ತಾನು ಓದಿ ನಿಲ್ಲಿಸಿದ ಪುಟದಲ್ಲಿ ಕಸಬರಿಗೆಯ ಒಂದು ಕಡ್ಡಿ ಮುರಿದು ಇಡುತ್ತಿದ್ದಳು. ಆ ಕಡ್ಡಿಯವರೆಗೆ ನಾನು ಓದಬಹುದು, ದಾಟುವಂತಿಲ್ಲ. ಕದ್ದು ದಾಟಿದ ದಿನ ನನ್ನ ಮುಖ ನೋಡಿಯೇ ಹಿಡಿದುಬಿಡುತ್ತಿದ್ದಳು. ಕಥೆಯಲ್ಲಿ ಯಾರು ಸತ್ತರು ಎಂಬುದು ನನ್ನ ಮುಖದ ಮೇಲೆ ಬರೆದಿರುತ್ತಿತ್ತಂತೆ.

ಈಗ ನಾನು ಜೇವರ್ಗಿಯಲ್ಲಿ ಹೈಸ್ಕೂಲಿನ ಗಣಿತ ಮಾಸ್ತರ. ಅಕ್ಕ ಆಳಂದ ತಾಲೂಕಿನ ಮಟಕಿಗೆ ಸೊಸೆಯಾಗಿ ಹೋಗಿ ಮೂವತ್ತು ವರ್ಷ ದಾಟಿದವು. ಅಲ್ಲಿಯೂ ಕಾನೂನು ಅವಳದೇ ಎಂದು ಕೇಳಿದ್ದೇನೆ.

ಹೋದ ವರ್ಷ ಅವಳಿಗೆ ಅಕ್ಷರಗಳು ಮಸುಕಾಗತೊಡಗಿದವು. ಪುಸ್ತಕ ಹಿಡಿದರೆ ಕಣ್ಣಲ್ಲಿ ನೀರು. ಜೇವರ್ಗಿಗೆ ಬಂದಾಗ ಇಬ್ಬರೂ ಒಂದೇ ಅಂಗಡಿಯಲ್ಲಿ, ಒಂದೇ ನಮೂನೆಯ ಫೋನು ಕೊಂಡೆವು. ಒಂದು ದಪ್ಪ ಕಾದಂಬರಿಯ ಇ-ಪುಸ್ತಕ ಕೊಂಡು ಎರಡೂ ಫೋನುಗಳಿಗೆ ಇಳಿಸಿದೆ. ಅವಳ ಫೋನಿನಲ್ಲಿ ಅಕ್ಷರಗಳನ್ನು ತೊಗರಿ ಕಾಳಿನಷ್ಟು ದಪ್ಪ ಮಾಡಿದೆ. ಪರದೆಗೆ ಆರೇ ಸಾಲು ಹಿಡಿಸಿದರೂ ಅಕ್ಕ ಸುಖವಾಗಿ ಓದಿದಳು. ಅಂದು ನನ್ನ ಸಿಮ್ಮಿಗೆ ರೀಚಾರ್ಜ್ ಮುಗಿದಿತ್ತು, ಮೆಸೇಜ್ ಬರುತ್ತಿರಲಿಲ್ಲ. ಹೀಗಾಗಿ ಖಾತೆಗೆ ಅಕ್ಕನ ನಂಬರ್ ಕೊಟ್ಟೆ. ಆ ಸೋಮಾರಿತನದ ಫಲ ಮುಂದೆ ಬರುತ್ತದೆ.

ನಾಲ್ಕು ದಿನ ಕಳೆದು ಪುಸ್ತಕ ತೆರೆದರೆ ಪರದೆ ಕೇಳಿತು: ‘ಇನ್ನೊಂದು ಫೋನಿನಲ್ಲಿ ಶೇಕಡಾ ಹನ್ನೆರಡರವರೆಗೆ ಓದಲಾಗಿದೆ. ಅಲ್ಲಿಗೆ ಹೋಗಬೇಕೆ?’ ಖಾತೆ ಒಂದೇ, ಆದ್ದರಿಂದ ಒಬ್ಬರ ಪುಟದ ಗುರುತು ಇನ್ನೊಬ್ಬರಿಗೂ ಕಾಣುತ್ತದೆ. ಸಂಜೆ ಅಕ್ಕನ ಫೋನು ಬಂತು.

“ನಾ ಹನ್ನೆರಡಕ್ಕ ಬಂದೀನಿ. ನೀ ಇನ್ನಾ ಒಂಬತ್ತರಾಗ ಕುಂತೀಯಲ್ಲೋ. ಸಾಲ್ಯಾಗ ಹುಡುಗರಿಗೆ ಏನ್ ಕಲಿಸ್ತಿ?”

ಕಸಬರಿಗೆಯ ಕಡ್ಡಿ ನಲವತ್ತು ವರ್ಷದ ಮೇಲೆ ವಾಪಸು ಬಂದಿತ್ತು. ಈ ಸಲ ಒಂದು ಅನುಕೂಲವಿತ್ತು. ನಾನು ಎಲ್ಲಿದ್ದೇನೆಂದು ಅವಳಿಗೂ, ಅವಳು ಎಲ್ಲಿದ್ದಾಳೆಂದು ನನಗೂ ಕಾಣುತ್ತಿತ್ತು.

ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಕೂಡಿ ಸಜ್ಜಿ ರೊಟ್ಟಿ, ಕಾಯಿಪಲ್ಯ ಕಾಳು ಕೂಡಿಸಿ ಕುದಿಸಿದ ಭಜ್ಜಿ ಉಣ್ಣುತ್ತೇವೆ. ಪ್ರತಿ ವರ್ಷ ನಾನು ಮಟಕಿಯಲ್ಲಿ ಅಕ್ಕನ ಹೊಲಕ್ಕೇ ಹೋಗುವವನು. ಆ ವರ್ಷ ಹೆಂಡತಿಯ ತವರಾದ ನೆಲೋಗಿಗೆ ಹೋದೆ. ಅಷ್ಟೇ ಆಗಿದ್ದರೆ ಅಕ್ಕ ಕ್ಷಮಿಸುತ್ತಿದ್ದಳೇನೋ. ನಾನು ಭಜ್ಜಿಯ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿ, ಕೆಳಗೆ ‘ಇಂಥಾ ಭಜ್ಜಿ ಜೀವಮಾನದಾಗ ತಿಂದಿಲ್ಲ’ ಎಂದು ಬರೆದೆ. ಹೆಂಡತಿಯ ಅಣ್ಣಂದಿರು ಎದುರಿಗೇ ಕುಳಿತಿದ್ದರು, ಒಂದು ಮಾತು ಹೆಚ್ಚೇ ಹೊಗಳಿದೆ. ಮೂವತ್ತು ವರ್ಷ ನನಗೆ ಭಜ್ಜಿ ಬಡಿಸಿದವಳು ಅದನ್ನು ಮಟಕಿಯಲ್ಲಿ ಕುಳಿತು ನೋಡಿದಳು. ಸ್ಟೇಟಸ್ ನೋಡಿದವರ ಸಾಲಿನಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲೆ ಇತ್ತು.

ಅಂದಿನಿಂದ ಮಾತು ಬಂದ್. ಮೊದಲು ಎರಡು ಸಲ ನಾನು ಫೋನು ಮಾಡಿದೆ, ಎತ್ತಲಿಲ್ಲ. ನನಗೂ ಸಿಟ್ಟು ಬಂತು. ಒಂದು ಭಜ್ಜಿಗಾಗಿ ಇಷ್ಟೊಂದು ಬಿಗುಮಾನವೇ ಎಂದು ನಾನೂ ಬಿಟ್ಟೆ.

ಆದರೆ ಪುಸ್ತಕ ಬಿಡಲಿಲ್ಲ. ದಿನಾ ಸಾಲೆಯಿಂದ ಬಂದು ತೆರೆದರೆ ಅಕ್ಕನ ಗುರುತು ಒಂದಿಷ್ಟು ಮುಂದೆ ಹೋಗಿರುತ್ತಿತ್ತು. ನಾನು ಅಲ್ಲಿಯವರೆಗೆ ಓದಿ ನಿಲ್ಲಿಸುತ್ತಿದ್ದೆ. ಮಾತಿಲ್ಲದ ಮನೆಯಲ್ಲಿ ದಿನಾ ಒಂದೇ ತಾಟಿನಲ್ಲಿ ಉಂಡಂತೆ ನಡೆದಿತ್ತು. ಒಂದು ಸಲ ಮಾತ್ರ ಶೇಕಡಾ ನಲವತ್ತೊಂದಕ್ಕೆ ಬಂದು ಹತ್ತು ದಿನ ನಿಂತಿತು. ಪುಸ್ತಕದ ಮೇಲೂ ಮುನಿದಳು ಎಂದುಕೊಂಡೆ. ಹನ್ನೊಂದನೆಯ ದಿನ ಮತ್ತೆ ಮುಂದೆ ಹೋಯಿತು. ಗೆದ್ದವನಂತೆ ನಾನು ನಕ್ಕಿದ್ದೂ ನೆನಪಿದೆ.

ಬೇಸಿಗೆ ಬರುವ ಹೊತ್ತಿಗೆ ನನ್ನ ಫೋನು ಬಚ್ಚಲಿನ ಹಂಡೆಗೆ ಬಿದ್ದು ಸತ್ತುಹೋಯಿತು. ಹೊಸದು ಕೊಂಡೆ. ಖಾತೆಯ ಪಾಸ್‌ವರ್ಡ್ ಹಾಕಿ ಪುಸ್ತಕ ತೆರೆಯಹೋದರೆ, ಒಂದು ಖಾತೆಗೆ ಎರಡೇ ಫೋನು, ಎರಡೂ ಭರ್ತಿ, ಒಂದನ್ನು ತೆಗೆದುಹಾಕಿ ಎಂದಿತು. ಕೆಳಗೆ ಎರಡು ಹೆಸರು. ಒಂದೇ ದಿನ ಕೊಂಡ ಒಂದೇ ನಮೂನೆಯ ಫೋನುಗಳಲ್ಲವೆ, ಎರಡೂ ಹೆಸರು ಒಂದೇ. ಯಾವುದು ಸತ್ತದ್ದು, ಯಾವುದು ಅಕ್ಕನದು, ತಿಳಿಯುವಂತಿಲ್ಲ. ತಪ್ಪಿ ಅಕ್ಕನದನ್ನು ತೆಗೆದರೆ ಆರು ತಿಂಗಳು ಮತ್ತೆ ಸೇರಿಸಲು ಬರುವುದಿಲ್ಲ ಎಂದೂ ಬರೆದಿತ್ತು. ನಮ್ಮಿಬ್ಬರ ನಡುವೆ ಉಳಿದಿದ್ದ ಒಂದೇ ಎಳೆ ಅದು. ಬೆರಳು ಮುಂದೆ ಹೋಗಲಿಲ್ಲ.

ಫೋನು ಕೊಟ್ಟ ಅಂಗಡಿಯವರ ಹತ್ತಿರ ಹೋದೆ. ನನ್ನದೇ ವಯಸ್ಸಿನ ಸಾಹೇಬರು, ಪಟ್ಟಣದ ಅರ್ಧ ಫೋನುಗಳ ಗುಟ್ಟು ಬಲ್ಲವರು.

“ಪುಸ್ತಕ ನಂದು, ರೊಕ್ಕ ನಂದು. ಇದನ್ನ ಹಂಗ ಎತ್ತಿ ಈ ಫೋನಿಗೆ ಹಾಕಿಕೊಡ್ರಿ” ಎಂದೆ.

“ಪುಸ್ತಕ ನಿಮ್ದಲ್ರಿ ಮಾಸ್ತರ್ರ. ಓದಾಕ ಪರವಾನಗಿ ಅಷ್ಟೇ ನಿಮ್ದು” ಎಂದರು ಅವರು. “ಕಾಪಿ ಆಗಬಾರ್ದಂತ ಕೀಲಿ ಹಾಕ್ಯಾರ. ಸ್ಕ್ರೀನ್‌ಶಾಟ್ ಹೊಡದ್ರೂ ಪರದಿ ಕರ್ರಗ ಆಗ್ತದ.”

ಪರೀಕ್ಷೆಯಲ್ಲಿ ಕಾಪಿ ಹೊಡೆಯಬೇಡಿ ಎಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಹೇಳಿದವನು ನಾನು. ಬೇರೆ ದಾರಿ ಕೇಳಿದೆ. ತೆಗೆದುಹಾಕುವ ಗುಂಡಿ ಒತ್ತಿದರೆ ಮೊದಲು ಖಾತೆಯ ನಂಬರಿಗೆ ಒಂದು ಓಟಿಪಿ ಹೋಗುತ್ತದೆ, ಅದನ್ನು ಹಾಕುವವರೆಗೂ ಏನೂ ಆಗುವುದಿಲ್ಲ, ಹಾಕಿದ ಮೇಲೆ ಯಾವ ಫೋನಿನಲ್ಲಿ ಕೊನೆಗೆ ಯಾವ ದಿನ ಓದಿದೆ ಎಂಬುದು ಕಂಡು ಸತ್ತದ್ದು ಯಾವುದೆಂದು ತಿಳಿಯುತ್ತದೆ ಎಂದರು. ಧೈರ್ಯ ಮಾಡಿ ಒತ್ತಿದೆ. ಓಟಿಪಿ ಮಟಕಿಗೆ ಹೋಯಿತು. ಮೂರು ತಿಂಗಳ ಮೇಲೆ ಅಕ್ಕನಿಗೆ ಫೋನು ಮಾಡುವುದು ಬಿಟ್ಟು ದಾರಿಯಿರಲಿಲ್ಲ.

ಮೊದಲ ಗಂಟೆಗೇ ಎತ್ತಿದಳು.

“ಮೂರ ದಿನ ಆತು ನಿನ್ನ ಪುಟ ನಿಂತು. ಆರಾಮ ಇದ್ದಿ ಇಲ್ಲೋ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ದನಿ ಬದಲಾಯಿತು. “ಈಗ ನೋಡಿದ್ರ ಮೆಸೇಜ್ ಬಂದದ. ಫೋನ್ ತಗದ್ ಹಾಕ್ತೀವಂತ. ಪುಸ್ತಕದಾಗಿಂದೂ ನನ್ನ ಹೊರಗ ಹಾಕಾಕತ್ತೀಯೇನು?”

“ನಿಂದಲ್ಲಕ್ಕಾ, ನಂದು ಸತ್ತ ಫೋನ್ ತಗಿಯಾಕತ್ತೇನಿ. ಆ ಆರು ಅಂಕಿ ಹೇಳು ಸಾಕು.”

“ಯಾರಿಗೂ ಹೇಳಬ್ಯಾಡ್ರಿ ಅಂತ ಬರದಾರ.”

“ನಾ ಯಾರೋ ಏನು?”

“ಎಳ್ಳ ಅಮವಾಸಿಗಿ ಯಾರೋ ಆಗಿದ್ದೆಲ್ಲ.” ಮತ್ತೆ ಅವಳೇ ಹೇಳಿದಳು, “ಬೇಕಂದ್ರ ಬಂದು ತೊಗೊಂಡ್ ಹೋಗು.”

ಅಂಗಡಿಯ ಸಾಹೇಬರು ಆ ಕಡೆ ಮುಖ ಮಾಡಿ ಚಾರ್ಜರುಗಳನ್ನು ಜೋಡಿಸತೊಡಗಿದರು. ನಗುತ್ತಿದ್ದರೆಂದು ಬೆನ್ನು ನೋಡಿಯೇ ಗೊತ್ತಾಯಿತು.

ಭಾನುವಾರ ಕಲಬುರಗಿಗೆ ಒಂದು ಬಸ್ಸು, ಆಳಂದಕ್ಕೆ ಇನ್ನೊಂದು, ಮಟಕಿಗೆ ಮತ್ತೊಂದು. ಆರು ಅಂಕಿಗಾಗಿ ಇಷ್ಟು ದೂರ ಹೋದ ಗಣಿತ ಮಾಸ್ತರ ನಾನೊಬ್ಬನೇ ಇರಬೇಕು. ಅಕ್ಕ ಮೊದಲು ತಾಟು ಇಟ್ಟಳು: ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ.

“ಫೋಟೋ ತಗಿ. ಸ್ಟೇಟಸ್ ಹಾಕು.”

ಹಾಕಿದೆ. ಕೆಳಗೆ ಏನು ಬರೆಯಬೇಕೆಂದೂ ಅವಳೇ ಹೇಳಿದಳು. ಜೀವಮಾನದ ಮಾತು ಅದರಲ್ಲೂ ಇತ್ತು.

ಉಂಡ ಮೇಲೆ ಅವಳ ಫೋನು ಕೈಗೆ ತೆಗೆದುಕೊಂಡೆ. ಯಾವ ಹೆಸರು ಅವಳದು ಎಂಬುದು ಅದರಲ್ಲಿ ತಾನಾಗಿ ಕಂಡಿತು, ‘ಈ ಫೋನು’ ಎಂದು ಬರೆದಿತ್ತು. ಹೊಸ ಓಟಿಪಿ ತರಿಸಿ, ಉಳಿದದ್ದನ್ನು ಅಳಿಸಿ, ನನ್ನ ಹೊಸ ಫೋನನ್ನು ಸೇರಿಸಿದೆ. ಸರಿಯಾಯಿತೋ ಇಲ್ಲವೋ ನೋಡಲು ಅವಳ ಫೋನಿನಲ್ಲಿ ಪುಸ್ತಕ ತೆರೆದೆ. ಅಕ್ಷರಗಳು ಸಣ್ಣಗಿದ್ದವು. ನಾನು ತೊಗರಿ ಕಾಳಿನಷ್ಟು ಮಾಡಿಟ್ಟಿದ್ದವು ಈಗ ಸಾಸಿವೆಯಷ್ಟಾಗಿದ್ದವು.

“ಇಷ್ಟ ಸಣ್ಣ ಅಕ್ಷರ ನಿನಗ ಕಾಣ್ತಾವೇನು?” ಎಂದು ಕೇಳಿದೆ.

“ಕಣ್ಣಾಗಿನ ಪೊರಿ ತಗಿಸೀನಲ್ಲ” ಎಂದಳು, ತಾಟು ಎತ್ತುತ್ತ. “ಮನ್ಯಾಗಿನವ್ರು ಕಲಬುರಗಿಗೆ ಕರ್ಕೊಂಡ್ ಹೋಗಿದ್ರು. ಹತ್ತ ದಿನ ಏನೂ ಓದಬ್ಯಾಡ ಅಂದಿದ್ರು ಡಾಕ್ಟರು.”

ಶೇಕಡಾ ನಲವತ್ತೊಂದು. ಪುಸ್ತಕದ ಮೇಲೂ ಮುನಿದಳೆಂದು ನಾನು ಎಣಿಸಿದ್ದ ಹತ್ತು ದಿನ ಅಕ್ಕ ಕಣ್ಣಿಗೆ ಔಷಧಿ ಹಾಕಿಕೊಂಡು ಮಲಗಿದ್ದಳು. ನನ್ನ ಪುಟ ಮೂರು ದಿನ ನಿಂತದ್ದಕ್ಕೆ ಅವಳು ಆರಾಮವೇ ಎಂದು ಕೇಳಿದಳು. ಅವಳದು ಹತ್ತು ದಿನ ನಿಂತರೂ ನಾನು ಕೇಳಿರಲಿಲ್ಲ. ನಾಚಿಕೆಯಾಯಿತು. ಇದು ಭಜ್ಜಿಗಿಂತ ದೊಡ್ಡ ತಪ್ಪು, ಇದಕ್ಕೆ ಹಾಕುವ ಸ್ಟೇಟಸ್ ಇಲ್ಲ.

“ಯಾಕ ಹೇಳಲಿಲ್ಲ?” ಎಂದೆ.

“ಪುಟ ನಿಂತಿತ್ತಲ್ಲ” ಎಂದಳು. ಆಮೇಲೆ ನನ್ನ ಮುಖ ನೋಡಿ ಒಂದು ಲೋಟ ಮಜ್ಜಿಗೆ ತಂದು ಕೈಗಿಟ್ಟಳು.

ಆ ಕಾದಂಬರಿ ಮುಗಿದು ಈಗ ಎರಡನೆಯದು ನಡೆದಿದೆ. ಅಕ್ಕನಿಗೆ ಈಗ ಛಾಪಾ ಪುಸ್ತಕವೂ ಓದಲು ಬರುತ್ತದೆ, ಆದರೆ ಫೋನು ಬಿಟ್ಟಿಲ್ಲ. ಗುರುತು ಒಂದು ದಿನ ನಿಂತರೂ ನಾನು ಫೋನು ಮಾಡುತ್ತೇನೆ. ಇತ್ತೀಚೆಗೆ ಅದು ವಾರಕ್ಕೆ ಎರಡು ಸಲವಾದರೂ ನಿಲ್ಲುತ್ತಿದೆ. ಗಾಬರಿಯಿಂದ ಮಾಡಿದರೆ ಮೊದಲ ಗಂಟೆಗೇ ಎತ್ತಿ, “ಯಾಕೋ, ನನ್ನ ಪುಟ ನಿಂತದೇನು?” ಎಂದು ಅವಳೇ ಕೇಳುತ್ತಾಳೆ.